ಬುಷ್‌ಗೆ ಯಾವ ಗ್ರೀಸ್? ಮೊದಲು ಬುಷ್ ಯಾವುದೆಂದು ನೋಡಿ

ಬೆಳಿಗ್ಗೆ ಗೇಟು ದಾಟಿ ಮೊದಲ ಹಂಪ್ ಹತ್ತಿದ ಕೂಡಲೇ ಕಾರಿನ ಮುಂಭಾಗದಿಂದ ಕಿರ್ರ್ ಎಂಬ ಸದ್ದು, ಹಳೇ ಮನೆಯ ಮರದ ಬಾಗಿಲು ತೆಗೆದ ಹಾಗೆ. ಬಿಸಿಲು ಏರಿದರೆ ಕಡಿಮೆ, ಮಳೆ ಬಂದರೆ ಪೂರ್ತಿ ಮಾಯ. ನಮ್ಮ ತೀರ್ಥಹಳ್ಳಿ ಕಡೆ ಮಳೆಗಾಲವಿಡೀ ಕಾರು ತೆಪ್ಪಗಿರುತ್ತಿತ್ತು, ಡಿಸೆಂಬರ್ ಬಂತೆಂದರೆ ಮತ್ತೆ ಶುರು. ಮನೆಯಲ್ಲಿ ಟಿಲ್ಲರಿಗೆಂದು ತಂದಿಟ್ಟ ಎಪಿ-3 ಗ್ರೀಸಿನ ಡಬ್ಬಿ ಇತ್ತು. ಒಂದು ಭಾನುವಾರ ಕಾರಿನ ಅಡಿಗೆ ತೂರಿ, ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಸರಳಾದ ಸ್ಟೆಬಿಲೈಸರ್ ಬಾರನ್ನು ಹಿಡಿದಿರುವ ಎರಡೂ ರಬ್ಬರ್ ಬುಷ್‌ಗಳಿಗೆ ಕೈತುಂಬ ಮೆತ್ತಿದೆ. ಬುಷ್ ಎಂದರೆ ಎರಡು ಭಾಗಗಳು ಸೇರುವಲ್ಲಿ ನಡುವೆ ಕೂರುವ ಬಳೆಯಂಥ ತುಂಡು.

ಎರಡು ತಿಂಗಳು ಆರಾಮ. ಮೂರನೆಯ ತಿಂಗಳು ಕಿರ್ರ್ ಹೋಗಿ ಟಕ್ ಟಕ್ ಬಂತು. ಬಿಚ್ಚಿ ನೋಡಿದರೆ ಬುಷ್ ರಾತ್ರಿ ನೆನೆಹಾಕಿದ ಕಡಲೆಯ ಹಾಗೆ ಊದಿಕೊಂಡಿತ್ತು. ಬೆರಳಲ್ಲಿ ಒತ್ತಿದರೆ ಮೆತ್ತಗೆ, ಉಜ್ಜಿದರೆ ಕಪ್ಪು ಮಸಿ ಕೈಗೆ ಬರುತ್ತಿತ್ತು. ಗ್ಯಾರೇಜಿನವರಿಗೆ ತೋರಿಸಿದೆ. ಅವರು ನಕ್ಕು, “ಗ್ರೀಸ್ ಹಾಕಿದ್ರೆ ಸದ್ದು ಹೋಗ್ತದೆ ಮಾರಾಯ್ರೆ, ಅದರ ಸಂಗ್ತಿಗೆ ಬುಷ್ಶೂ ಹೋಗ್ತದೆ” ಅಂದರು. ಆಮೇಲೆ ನಾನು ಕಲಿತದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಗ್ರೀಸ್ ಬೇಕೇ ಎಂಬುದೇ ಮೊದಲ ಪ್ರಶ್ನೆ

ಇವತ್ತಿನ ಕಾರುಗಳ ಲೋವರ್ ಆರ್ಮ್ (ಗಾಲಿಯನ್ನು ಚಾಸಿಗೆ ಜೋಡಿಸುವ ಕೆಳತೋಳು), ಹಿಂದಿನ ಆಕ್ಸಲ್, ಇಂಜಿನ್ ಮೌಂಟಿಂಗ್ ಎಲ್ಲ ಕಡೆ ಇರುವುದು ಬಹುಪಾಲು ಬಾಂಡೆಡ್ ಬುಷ್. ಒಳಗೊಂದು ಕಬ್ಬಿಣದ ಕೊಳವೆ, ಹೊರಗೊಂದು, ನಡುವಿನ ರಬ್ಬರನ್ನು ಬಿಸಿಯಲ್ಲಿ ಎರಡಕ್ಕೂ ಬೆಸೆದಿರುತ್ತಾರೆ. ಆರ್ಮ್ ಮೇಲೆ ಕೆಳಗೆ ಆಡಿದಾಗ ಇಲ್ಲಿ ಯಾವುದೂ ಯಾವುದರ ಮೇಲೂ ಜಾರುವುದಿಲ್ಲ. ರಬ್ಬರೇ ಒಳಗೊಳಗೆ ತಿರುಚಿಕೊಂಡು ಮತ್ತೆ ಮೊದಲಿನ ಹಾಗಾಗುತ್ತದೆ. ಜಾರುವುದೇ ಇಲ್ಲವೆಂದ ಮೇಲೆ ಗ್ರೀಸಿಗೆ ಅಲ್ಲಿ ಕೆಲಸವೇ ಇಲ್ಲ. ಬಾಂಡೆಡ್ ಬುಷ್ ಸದ್ದು ಮಾಡುತ್ತಿದೆ ಎಂದರೆ ಒಂದೋ ರಬ್ಬರ್ ಹರಿದಿದೆ, ಇಲ್ಲವೇ ಬೆಸುಗೆ ಬಿಟ್ಟಿದೆ. ಎರಡಕ್ಕೂ ಮದ್ದು ಹೊಸ ಬುಷ್. ಕೆಲವು ಕಾರುಗಳ ಲೋವರ್ ಆರ್ಮ್ ಬುಷ್ಶಿನೊಳಗೆ ದ್ರವ ತುಂಬಿರುತ್ತದೆ. ಅದು ಒಡೆದರೆ ಸುತ್ತ ಎಣ್ಣೆ ಹರಿದ ಕಲೆ ಕಾಣುತ್ತದೆ. ಯಾರೋ ಗ್ರೀಸ್ ಹಾಕಿದ್ದಾರೆ ಎಂದುಕೊಂಡು ಒರೆಸಿ ಬಿಡಬೇಡಿ, ಆ ಬುಷ್ಶಿನ ಕಥೆ ಮುಗಿದಿದೆ.

ಗ್ರೀಸ್ ಕೇಳುವ ಜಾಗಗಳು ಮೂರೇ. ಒಂದು, ಸ್ಟೆಬಿಲೈಸರ್ ಬಾರಿನ ಸೀಳು ಬುಷ್. ಇಂಗ್ಲಿಷಿನ ಡಿ ಅಕ್ಷರದ ಆಕಾರ ಇರುವುದರಿಂದ ಗ್ಯಾರೇಜಿನಲ್ಲಿ ಡಿ-ಬುಷ್ ಎನ್ನುತ್ತಾರೆ. ಎರಡು, ಕಂಪನಿಯ ರಬ್ಬರ್ ತೆಗೆಸಿ ಹಾಕಿಸಿಕೊಳ್ಳುವ ಪಾಲಿಯುರೆಥೇನ್ ಬುಷ್, ಅಂದರೆ ಪಿಯು ಬುಷ್. ಮೂರು, ಗ್ರೀಸ್ ನಿಪ್ಪಲ್ (ಗನ್ನಿನಿಂದ ಗ್ರೀಸ್ ಒತ್ತುವ ಪುಟ್ಟ ಮೂತಿ) ಇರುವ ಕಬ್ಬಿಣದ ಬುಷ್ ಮತ್ತು ಪಿನ್. ಇದು 2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್‌ನಂಥ ಹಳೆಯ ಕಾರುಗಳಲ್ಲಿ, ಲಾರಿಗಳಲ್ಲಿ ಸಿಗುತ್ತದೆ. ಈ ಮೂರಕ್ಕೂ ಬೇಕಾದ ಗ್ರೀಸ್ ಬೇರೆ ಬೇರೆ.

ಲಿಥಿಯಂ ಎಂದರೆ ಎಣ್ಣೆಯ ಹೆಸರಲ್ಲ

ಗ್ರೀಸ್ ಎಂದರೆ ಎಣ್ಣೆ, ಅದನ್ನು ಸೋರದಂತೆ ಹಿಡಿದಿಡುವ ಒಂದು ಬಗೆಯ ಸೋಪು, ಜೊತೆಗೆ ಒಂದಿಷ್ಟು ರಾಸಾಯನಿಕ. ಡಬ್ಬಿಯಲ್ಲಿ ಇರುವುದರಲ್ಲಿ ಮುಕ್ಕಾಲಿಗೂ ಹೆಚ್ಚು ಎಣ್ಣೆಯೇ. ಡಬ್ಬಿಯ ಮೇಲೆ ಲಿಥಿಯಂ, ಕ್ಯಾಲ್ಸಿಯಂ ಎಂದು ದಪ್ಪಕ್ಷರದಲ್ಲಿ ಬರೆದಿರುವುದು ಆ ಸೋಪಿನ ಹೆಸರು. ರಬ್ಬರಿಗೆ ತಾಗುವುದು, ಒಳಕ್ಕೆ ಇಳಿಯುವುದು ಎಣ್ಣೆ. ಎಪಿ-3ಯಲ್ಲಿ, ಸ್ಪ್ರೇ ಡಬ್ಬಿಯಲ್ಲಿ ಬರುವ ಹೆಚ್ಚಿನ ಬಿಳಿ ಲಿಥಿಯಂ ಗ್ರೀಸಿನಲ್ಲಿ ಇರುವುದು ಪೆಟ್ರೋಲಿಯಂ ಎಣ್ಣೆ. ವ್ಯಾಸಲೀನೂ ಅದೇ ಕುಲ. ಬುಷ್‌ಗೆ ಬಳಸುವ ನೈಸರ್ಗಿಕ ರಬ್ಬರ್ ಪೆಟ್ರೋಲಿಯಂ ಎಣ್ಣೆಯನ್ನು ಕುಡಿಯುತ್ತದೆ, ಕುಡಿದು ಊದುತ್ತದೆ, ಊದಿದ ಮೇಲೆ ಬಲ ಕಳೆದುಕೊಳ್ಳುತ್ತದೆ. ಸುಳ್ಯ, ಪುತ್ತೂರಿನ ತೋಟಗಳಲ್ಲಿ ಮರ ಕೀಸಿ ಇಳಿಸುವ ಹಾಲಿನಿಂದ ಆಗುವ ರಬ್ಬರ್ ಇದೇ ಜಾತಿಯದು.

ನಂಬಿಕೆ ಬರದಿದ್ದರೆ ಮನೆಯಲ್ಲೇ ನೋಡಬಹುದು. ಒಂದೇ ಅಳತೆಯ ಎರಡು ರಬ್ಬರ್ ಬ್ಯಾಂಡ್ ತೆಗೆದುಕೊಳ್ಳಿ. ಒಂದನ್ನು ಸೀಮೆಎಣ್ಣೆಯಲ್ಲಿ, ಇನ್ನೊಂದನ್ನು ಹರಳೆಣ್ಣೆಯಲ್ಲಿ ಮುಳುಗಿಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಎರಡನ್ನೂ ಪಕ್ಕಪಕ್ಕ ಇಟ್ಟರೆ ಸೀಮೆಎಣ್ಣೆಯದ್ದು ಉದ್ದಕ್ಕೂ ದಪ್ಪಕ್ಕೂ ಬೆಳೆದು, ಎಳೆದರೆ ಪಟ್ಟನೆ ತುಂಡಾಗುವ ಸ್ಥಿತಿಯಲ್ಲಿರುತ್ತದೆ. ಹರಳೆಣ್ಣೆಯದ್ದು ಜಿಡ್ಡಾಗಿರುತ್ತದೆ, ಅಷ್ಟೇ. ಗ್ರೀಸಿನಲ್ಲಿರುವ ಎಣ್ಣೆ ಸೀಮೆಎಣ್ಣೆಯಷ್ಟು ಅವಸರದ್ದಲ್ಲ. ಮಾಡುವ ಕೆಲಸ ಮಾತ್ರ ಅದೇ, ನಿಧಾನವಾಗಿ.

ಹರಳೆಣ್ಣೆಯ ವಿಷಯ ಬಂದದ್ದಕ್ಕೆ ಒಂದು ಮಾತು. ಎತ್ತಿನ ಗಾಡಿಯ ಅಚ್ಚಿಗೆ ಹಾಕುತ್ತಿದ್ದ ಕೀಲೆಣ್ಣೆ ನೆನಪಿದೆಯೇ? ಸುಟ್ಟ ಹುಲ್ಲಿನ ಬೂದಿಯನ್ನು ಹರಳೆಣ್ಣೆಯಲ್ಲಿ ಕಲಸಿ, ಬಿದಿರಿನ ಗೊಟ್ಟದಲ್ಲಿ ತುಂಬಿ ಗಾಡಿಗೆ ತೂಗುಹಾಕುತ್ತಿದ್ದರು. ಎಣ್ಣೆ, ಅದನ್ನು ಹಿಡಿದಿಡಲು ಇನ್ನೊಂದು ಪುಡಿ: ಲೆಕ್ಕಕ್ಕೆ ಅದೂ ಗ್ರೀಸೇ. ತಮಾಷೆ ಏನೆಂದರೆ ಇವತ್ತಿನ ಲಿಥಿಯಂ ಗ್ರೀಸಿನ ಸೋಪನ್ನು ಮಾಡುವುದೂ ಹರಳೆಣ್ಣೆಯಿಂದ ತೆಗೆದ ಕೊಬ್ಬಿನಾಮ್ಲದಿಂದಲೇ. ಆದರೆ ಆ ಸೋಪು ಹಿಡಿದುಕೊಂಡಿರುವುದು ಪೆಟ್ರೋಲಿಯಂ ಎಣ್ಣೆಯನ್ನು. ಹಾಗಾಗಿ ರಬ್ಬರಿಗೆ ಉಪಕಾರವೇನೂ ಆಗಲಿಲ್ಲ.

ಇಲ್ಲಿ ಯಾರಾದರೂ ತೆಂಗಿನೆಣ್ಣೆ ಆಗಬಹುದೇ ಎಂದು ಕೇಳುತ್ತಾರೆ. ಬೇಡ. ಸಸ್ಯದ ಎಣ್ಣೆ ಎಂದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ತೆಂಗಿನೆಣ್ಣೆಯೂ ರಬ್ಬರನ್ನು ಸಡಿಲಿಸುತ್ತದೆ, ಮೇಲಾಗಿ ಚಳಿಯ ಬೆಳಿಗ್ಗೆ ಗಟ್ಟಿಯಾಗಿ ಕೂರುತ್ತದೆ. ಸದ್ದು ಬರುವುದೂ ಸರಿಯಾಗಿ ಅದೇ ಹೊತ್ತಿಗೆ.

ಡಬ್ಬಿಯ ಮೇಲಿನ ಅಂಕಿ

ಎಪಿ-3ಯಲ್ಲಿನ 3 ಏನು ಎಂದು ಹಲವರಿಗೆ ಕುತೂಹಲ. ಅದು ಗುಣಮಟ್ಟದ ಅಂಕಿಯಲ್ಲ, ಗಟ್ಟಿತನದ ಅಂಕಿ. ಅಮೆರಿಕದಲ್ಲಿ 1933ರಲ್ಲಿ ಹುಟ್ಟಿದ ಎನ್‌ಎಲ್‌ಜಿಐ ಎಂಬ ಗ್ರೀಸ್ ಸಂಸ್ಥೆಯ ಅಳತೆ. 25 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಒಂದು ಲೋಹದ ಶಂಕುವನ್ನು ಗ್ರೀಸಿನ ಮೇಲೆ ಬಿಟ್ಟು, 5 ಸೆಕೆಂಡಿನಲ್ಲಿ ಎಷ್ಟು ಆಳ ಇಳಿಯಿತೆಂದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ ನೋಡುತ್ತಾರೆ. 265ರಿಂದ 295 ಇಳಿದರೆ ಅದು 2, 220ರಿಂದ 250 ಇಳಿದರೆ ಇನ್ನೂ ಗಟ್ಟಿ, 3. ನಮ್ಮ ಕೆಲಸಕ್ಕೆ 2 ಸಾಕು. ಈ ಅಂಕಿ ರಬ್ಬರಿಗೆ ಆಗುತ್ತದೋ ಇಲ್ಲವೋ ಎಂಬುದರ ಬಗ್ಗೆ ಚಕಾರ ಎತ್ತುವುದಿಲ್ಲ. ಬಣ್ಣವೂ ಅಷ್ಟೇ, ಅದು ತಯಾರಕರ ಇಷ್ಟ.

ಅಂಗಡಿಯಲ್ಲಿ ಏನೆಂದು ಕೇಳಬೇಕು

ರಬ್ಬರ್ ಡಿ-ಬುಷ್‌ಗೆ ಬೇಕಾದದ್ದು ಸಿಲಿಕೋನ್ ಗ್ರೀಸ್. ಸಿಲಿಕೋನ್ ಎಣ್ಣೆ ನೈಸರ್ಗಿಕ ರಬ್ಬರಿನೊಳಗೆ ಇಳಿಯುವುದಿಲ್ಲ, ನೀರಿಗೆ ಸುಲಭಕ್ಕೆ ಜಗ್ಗುವುದಿಲ್ಲ, ಚಳಿಗೂ ಇಂಜಿನ್ ಶಾಖಕ್ಕೂ ಹೆಚ್ಚು ಬದಲಾಗುವುದಿಲ್ಲ. ಮೋಲಿಕೋಟ್ 111 ಎಂಬುದು ಈ ಬಗೆಯದು. ವಾಲ್ವ್, ಓ-ರಿಂಗ್ ಕೆಲಸದವರು ಬಳಸುವುದರಿಂದ ಕಾರಿನ ಅಂಗಡಿಗಿಂತ ಕೈಗಾರಿಕಾ ಸಾಮಾನಿನ ಅಂಗಡಿಯಲ್ಲಿ ಬೇಗ ಸಿಗಬಹುದು.

ಕೇಳುವಾಗ “ಸಿಲಿಕೋನ್ ಕೊಡಿ” ಎಂದಷ್ಟೇ ಅನ್ನಬೇಡಿ. ನಮ್ಮೂರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ನಾನು ಹಾಗೆ ಕೇಳಿ ಮನೆಗೆ ತಂದದ್ದು ವಾಶ್‌ಬೇಸಿನ್ ಅಂಚಿಗೆ ಹಚ್ಚುವ ಸೀಲೆಂಟ್. ಟ್ಯೂಬಿನ ಮೂತಿ ಕತ್ತರಿಸಿದಾಗ ವಿನೆಗರ್‌ನಂಥ ಹುಳಿ ವಾಸನೆ ಮೂಗಿಗೆ ಹೊಡೆದದ್ದರಿಂದ ಬಚಾವಾದೆ. ಅದು ಗಾಳಿ ತಾಗಿದರೆ ಗಟ್ಟಿಯಾಗುವ ಅಂಟು, ಜಾರಿಸುವ ವಸ್ತುವೇ ಅಲ್ಲ. ಬೆಂಗಳೂರಿನ ಎಸ್‌.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುವ ಬಿಳಿ ಹೀಟ್‌ಸಿಂಕ್ ಪೇಸ್ಟೂ ನೋಡಲು ಗ್ರೀಸಿನ ಹಾಗೇ ಇರುತ್ತದೆ. ಅದರಲ್ಲಿ ಶಾಖ ಸಾಗಿಸುವ ಪುಡಿ ತುಂಬಿರುತ್ತದೆ, ಅದೂ ಬೇಡ.

ಸಿಲಿಕೋನ್ ಸಿಗದಿದ್ದರೆ ರೆಡ್ ರಬ್ಬರ್ ಗ್ರೀಸ್ ನಡೆಯುತ್ತದೆ. ಬ್ರೇಕ್ ಸಿಲಿಂಡರಿನ ರಬ್ಬರ್ ಜೋಡಿಸುವಾಗ ಹಚ್ಚುವುದು ಇದನ್ನೇ. ಇದರೊಳಗಿನ ಎಣ್ಣೆ ಹೆಚ್ಚಾಗಿ ನಮ್ಮ ಹರಳೆಣ್ಣೆಯೇ. ಹೆಸರನ್ನು ಪೂರ್ತಿ ಹೇಳಿ, “ರಬ್ಬರ್” ಎಂಬ ಪದ ಡಬ್ಬಿಯ ಮೇಲಿದೆಯೇ ಎಂದು ಓದಿ ನೋಡಿ. ವೀಲ್ ಬೇರಿಂಗಿಗೆ ಹಾಕುವ, ಶಾಖ ತಡೆಯುವ ಲಿಥಿಯಂ ಗ್ರೀಸುಗಳಲ್ಲೂ ಹಲವು ಕೆಂಪಗೇ ಇರುತ್ತವೆ. “ಕೆಂಪು ಗ್ರೀಸ್ ಕೊಡಿ” ಎಂದರೆ ಅಂಗಡಿಯ ಹುಡುಗ ಅದನ್ನೇ ಕೊಡುತ್ತಾನೆ. ತಪ್ಪು ಅವನದ್ದಲ್ಲ.

ತಾಮ್ರದ ಬಣ್ಣದ ಆ್ಯಂಟಿ-ಸೀಝ್ ಪೇಸ್ಟ್ ಇರುವುದು ತುಕ್ಕಿಗೆ ಸಿಕ್ಕಿಕೊಳ್ಳುವ ಬೋಲ್ಟಿಗೆ. ಕರಾವಳಿಯ ಉಪ್ಪುಗಾಳಿಯಲ್ಲಿ ಓಡುವ ಗಾಡಿಯ ಲೋವರ್ ಆರ್ಮ್ ಬೋಲ್ಟ್ ಬುಷ್ಶಿನ ಕೊಳವೆಯೊಳಗೇ ಬೆಸೆದುಕೊಂಡು, ಕೊನೆಗೆ ಗರಗಸದಲ್ಲಿ ಕೊಯ್ಯಬೇಕಾಗುವುದುಂಟು. ಅಂಥಲ್ಲಿ ಬೋಲ್ಟಿನ ನಯವಾದ ಕಾಂಡಕ್ಕೆ ತೆಳ್ಳಗೆ ಸವರಬಹುದು. ಬೋಲ್ಟಿನ ಮರೆಗೆ, ಅಂದರೆ ನಟ್ ತಿರುಗುವ ಸುರುಳಿ ಗೀರುಗಳಿಗೆ ಮಾತ್ರ ಹಚ್ಚಬೇಡಿ. ಮರೆ ಜಾರಿದರೆ ಟಾರ್ಕ್ ವ್ರೆಂಚ್ (ಬಿಗಿತ ಅಳೆಯುವ ಸ್ಪ್ಯಾನರ್) ತೋರಿಸುವ ಲೆಕ್ಕ ಕೆಡುತ್ತದೆ, ಬೋಲ್ಟ್ ಅಳತೆ ಮೀರಿ ಬಿಗಿಯಾಗುತ್ತದೆ.

ಡಿ-ಬುಷ್ ಕೆಲಸ, ಹಂತ ಹಂತವಾಗಿ

ಮೊದಲು ಸದ್ದು ಎಲ್ಲಿಂದ ಎಂದು ಖಚಿತಪಡಿಸಿಕೊಳ್ಳಿ. ಇದಕ್ಕೆ ನೀರಿಗಿಂತ ಒಳ್ಳೆಯ ಉಪಕರಣ ಇಲ್ಲ. ಒಬ್ಬರು ಬಾನೆಟ್ಟಿನ ಅಂಚು ಹಿಡಿದು ಕಾರನ್ನು ಮೇಲೆ ಕೆಳಗೆ ಒತ್ತುತ್ತಿರಲಿ. ನೀವು ಬಾಟಲಿಯಿಂದ ಒಂದೊಂದೇ ಬುಷ್‌ಗೆ ನೀರು ಬಿಡಿ, ಕಾರಿನ ಅಡಿಗೆ ಹೋಗದೆ ಪಕ್ಕದಿಂದಲೇ. ಯಾವುದಕ್ಕೆ ಬಿಟ್ಟಾಗ ಸದ್ದು ನಿಲ್ಲುತ್ತದೋ ಅದೇ ಕಳ್ಳ. ನೀರಿಗೆ ಬಗ್ಗದ ಟಕ್ ಟಕ್ ಸದ್ದಾದರೆ ಅದು ಲಿಂಕ್ ರಾಡ್, ಬಾಲ್ ಜಾಯಿಂಟ್ ಅಥವಾ ಶಾಕ್ ಅಬ್ಸಾರ್ಬರಿನ ಮೇಲಿನ ಮೌಂಟ್ ಇರಬಹುದು. ಅದಕ್ಕೆ ಈ ಲೇಖನದಲ್ಲಿ ಉತ್ತರ ಇಲ್ಲ.

ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಗಾಲಿಗಳಿಗೆ ಕಲ್ಲು ಕೊಡಿ. ಮುಂದಿನ ಎರಡೂ ಗಾಲಿಗಳನ್ನು ಒಂದೇ ಎತ್ತರಕ್ಕೆ ಎತ್ತಿ ಜ್ಯಾಕ್ ಸ್ಟ್ಯಾಂಡ್ ಮೇಲೆ ಕೂರಿಸಿ. ಒಂದೇ ಪಕ್ಕ ಎತ್ತಿದರೆ ಬಾರ್ ತಿರುಚಿಕೊಂಡಿರುತ್ತದೆ, ಕ್ಲ್ಯಾಂಪ್ ಸಡಿಲಿಸಿದ ಕ್ಷಣ ಚಿಮ್ಮಿ ಕೈಗೆ ಬಡಿಯುತ್ತದೆ. ಕಾರಿನ ಜೊತೆ ಬರುವ ಜ್ಯಾಕ್ ಟೈರ್ ಬದಲಿಸುವುದಕ್ಕೆ ಮಾತ್ರ. ಅದೊಂದನ್ನೇ ನಂಬಿ ಅಡಿಗೆ ಹೋಗಲೇಬೇಡಿ. ಸ್ಟ್ಯಾಂಡ್ ಇಲ್ಲದಿದ್ದರೆ ಈ ಕೆಲಸವನ್ನು ಗ್ಯಾರೇಜಿಗೆ ಬಿಡಿ, ಗ್ರೀಸನ್ನು ನೀವೇ ಒಯ್ದು ಕೊಡಿ.

ಕ್ಲ್ಯಾಂಪ್ ಬಿಚ್ಚುವ ಮುಂಚೆ ಬುಷ್ಶಿನ ಸೀಳು ಯಾವ ಕಡೆಗೆ ಮುಖ ಮಾಡಿದೆ ಎಂದು ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ. ಬೋಲ್ಟ್ ತೆಗೆದು, ಸೀಳನ್ನು ಅಗಲಿಸಿ ಬುಷ್ ಈಚೆಗೆ ಎಳೆಯಿರಿ. ಸೀಳು ಸಿಗದಿದ್ದರೆ ಅಥವಾ ಬುಷ್ ಬಾರಿಗೆ ಅಂಟಿಕೊಂಡೇ ಇದ್ದರೆ ಅಲ್ಲಿಗೇ ನಿಲ್ಲಿಸಿ. ಈಚಿನ ಹಲವು ಕಾರುಗಳಲ್ಲಿ ಡಿ-ಬುಷ್ಶನ್ನೂ ಬಾರಿಗೆ ಬೆಸೆದೇ ಕಳಿಸುತ್ತಾರೆ. ಅಲ್ಲಿ ರಬ್ಬರ್ ಬಾರನ್ನು ಬಿಗಿಯಾಗಿ ಹಿಡಿಯಬೇಕೆಂಬುದೇ ಉದ್ದೇಶ, ಅಲ್ಲಿ ಜಾರಿಸುವ ಗ್ರೀಸ್ ಕೆಲಸ ಕೆಡಿಸುತ್ತದೆ. ಇನ್ನು ಕೆಲವಕ್ಕೆ ಒಳಮೈಯಲ್ಲಿ ಬಟ್ಟೆಯ ಅಥವಾ ಪಿಟಿಎಫ್‌ಇಯ (ಟೆಫ್ಲಾನ್ ಎಂಬ ಜಾರುವ ಪ್ಲಾಸ್ಟಿಕ್) ಪದರ ಇರುತ್ತದೆ. ಸರ್ವಿಸ್ ಕೈಪಿಡಿ ಗ್ರೀಸ್ ಇಲ್ಲದೆ ಕೂರಿಸಿ ಎಂದರೆ ಗ್ರೀಸ್ ಇಲ್ಲದೆಯೇ ಕೂರಿಸಿ.

ಹೊರಬಂದ ಬುಷ್ಶನ್ನು ಬಗ್ಗಿಸಿ ನೋಡಿ. ಬಿರುಕು ಬಾಯಿ ಬಿಟ್ಟರೆ, ತೂತು ಉರುಟಾಗಿರದೆ ಮೊಟ್ಟೆಯಾಕಾರವಾಗಿದ್ದರೆ, ಊದಿದ್ದರೆ ಗ್ರೀಸ್ ಖರ್ಚೂ ದಂಡ. ಎಡಕ್ಕೂ ಬಲಕ್ಕೂ ಒಟ್ಟಿಗೇ ಹೊಸದು ಹಾಕಿ. ಇಡೀ ಸಸ್ಪೆನ್ಷನ್‌ನಲ್ಲಿ ಇದಕ್ಕಿಂತ ಸೋವಿಯ ಸಾಮಾನು ಇನ್ನೊಂದಿಲ್ಲ.

ಚೆನ್ನಾಗಿದ್ದರೆ ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ. ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ ತಾಗಿಸಬೇಡಿ, ಹಳೇ ಟೂತ್ ಬ್ರಷ್ ಸಾಕು. ಬಾರಿನ ಮೇಲೆ ಬುಷ್ ಕೂರುವ ಜಾಗದಲ್ಲಿ ತುಕ್ಕು ಇದ್ದೇ ಇರುತ್ತದೆ. ನನ್ನ ಕಾರಿನಲ್ಲಿ ಕಿರ್ರ್ ಸದ್ದಿನ ಅಸಲಿ ಕಾರಣ ಅದೇ. ಮಳೆಗಾಲದ ಕೆಂಪು ಕೆಸರು ಬುಷ್ಶಿನೊಳಗೆ ಸೇರಿ, ಒಣಗಿ, ಬಾರನ್ನು ಉಜ್ಜಿ ಉಜ್ಜಿ ಬಣ್ಣ ಕಿತ್ತುಹಾಕಿತ್ತು. ನಯವಾದ ಎಮರಿ ಪೇಪರಿನಿಂದ ತುಕ್ಕು ತೆಗೆದು ಒದ್ದೆ ಬಟ್ಟೆಯಲ್ಲಿ ಒರೆಸಿ, ಆರಲು ಬಿಡಿ. ಬಣ್ಣ ಪೂರ್ತಿ ಹೋಗಿದ್ದರೆ ಒಂದು ಕೈ ಪೇಂಟ್ ಹೊಡೆದು ಒಣಗಿಸಿ. ಈ ಪೇಂಟ್ ಕೆಲಸ ಸಿಲಿಕೋನ್ ಟ್ಯೂಬ್ ತೆರೆಯುವ ಮುಂಚೆಯೇ ಆಗಬೇಕು, ಸಿಲಿಕೋನ್ ತಾಗಿದ ಕಬ್ಬಿಣದ ಮೇಲೆ ಪೇಂಟ್ ನಿಲ್ಲದೆ ಗುಳಿ ಗುಳಿಯಾಗುತ್ತದೆ.

ಈಗ ಗ್ರೀಸ್. ಒಂದು ಬುಷ್‌ಗೆ ಕಡಲೆಕಾಳಿನ ಗಾತ್ರ ಸಾಕು. ಒಳಮೈಗೆ ಬೆರಳಿನಿಂದ ತೆಳ್ಳಗೆ, ಎಲ್ಲ ಕಡೆ ತಾಗುವ ಹಾಗೆ ಹರಡಿ. ಹೊರಕ್ಕೆ ಉಕ್ಕಿದ್ದನ್ನು ಒರೆಸಿಬಿಡಿ. ಅಂಚಿನಲ್ಲಿ ಉಳಿದ ಗ್ರೀಸ್ ರಸ್ತೆಯ ಧೂಳನ್ನು ಕರೆದು ಕೂರಿಸಿಕೊಳ್ಳುತ್ತದೆ, ಧೂಳೂ ಗ್ರೀಸೂ ಕಲೆತರೆ ಅದು ಅರೆಯುವ ಮಸಾಲೆ. ಕೈಗವಸು ಹಾಕಿಕೊಳ್ಳಿ, ಅದೇ ಕೈಯಲ್ಲಿ ಬ್ರೇಕ್ ಡಿಸ್ಕ್ ಮುಟ್ಟಬೇಡಿ. ಸಿಲಿಕೋನ್ ಸ್ಪ್ರೇ ಬಳಸುವವರು ಇನ್ನೂ ಜಾಗ್ರತೆ. ಡಿಸ್ಕಿನ ಮೇಲೆ ಒಂದು ಪದರ ಕೂತರೆ ಮುಂದಿನ ಇಳಿಜಾರಿನಲ್ಲಿ ಬ್ರೇಕ್ ಹಿಡಿಯುವುದಿಲ್ಲ, ಆಗುಂಬೆ ಘಾಟಿಯಲ್ಲಿ ಅದನ್ನು ಪರೀಕ್ಷಿಸುವ ಆಸೆ ಯಾರಿಗೂ ಬೇಡ.

ಫೋಟೋ ನೋಡಿಕೊಂಡು ಸೀಳನ್ನು ಮೊದಲಿನ ದಿಕ್ಕಿಗೇ ತಿರುಗಿಸಿ ಕ್ಲ್ಯಾಂಪ್ ಕೂರಿಸಿ, ಬೋಲ್ಟ್‌ಗಳನ್ನು ಕೈಬಿಗಿ ಮಾಡಿ. ಕೊನೆಯ ಬಿಗಿತ ಗಾಲಿಗಳು ನೆಲದ ಮೇಲೆ ಭಾರ ಹೊತ್ತಿರುವಾಗ, ಕೈಪಿಡಿ ಹೇಳಿದ ಟಾರ್ಕಿಗೆ. ಡಿ-ಬುಷ್ಶಿನಲ್ಲಿ ಈ ನಿಯಮ ತಪ್ಪಿದರೂ ಹೇಗೋ ನಡೆಯುತ್ತದೆ. ಲೋವರ್ ಆರ್ಮಿನ ಬಾಂಡೆಡ್ ಬುಷ್ ಬದಲಿಸಿದಾಗ ತಪ್ಪಿದರೆ ಹೊಸ ಬುಷ್ ಬೇಗನೆ ಹರಿಯುತ್ತದೆ. ಗಾಲಿ ನೇತಾಡುವಾಗಲೇ ಬಿಗಿದರೆ, ಕಾರು ಕೆಳಗಿಳಿದ ಕೂಡಲೇ ರಬ್ಬರ್ ತಿರುಚಿಕೊಂಡು, ನಿಂತಲ್ಲೂ ಹಾಗೆಯೇ ಉಳಿಯುತ್ತದೆ. “ಹೋದ ವರ್ಷವಷ್ಟೇ ಹಾಕಿಸಿದ್ದೆ, ಮಾಲು ಡುಪ್ಲಿಕೇಟ್” ಎಂಬ ದೂರುಗಳಲ್ಲಿ ಒಂದಷ್ಟು ಇದರ ಫಲ ಎಂದು ನನ್ನ ಅನುಮಾನ. ಆ ಬುಷ್ ಒತ್ತಿ ಕೂರಿಸುವಾಗಲೂ ಗ್ರೀಸ್ ಬೇಡ, ಸೋಪಿನ ನೀರು ಹಚ್ಚಿ. ಕೂತ ಮೇಲೆ ಅದು ಒಣಗಿಹೋಗುತ್ತದೆ.

ಪಿಯು ಬುಷ್ ಹಾಕಿಸಿಕೊಂಡವರಿಗೆ

ಪಿಯು ಗಟ್ಟಿ ಜಾತಿ. ರಬ್ಬರಿನ ಹಾಗೆ ಒಳಗೊಳಗೆ ತಿರುಚಿಕೊಳ್ಳದೆ ಕೊಳವೆಯ ಮೇಲೆ ಜಾರಿ ತಿರುಗುತ್ತದೆ. ಹಾಗಾಗಿ ಒಣಗಿದ ಪಿಯು ಬುಷ್ ಕಿರುಚಿಯೇ ತೀರುತ್ತದೆ. ಪೆಟ್ರೋಲಿಯಂ ಎಣ್ಣೆಗೆ ಇದು ರಬ್ಬರಿನಷ್ಟು ಬೇಗ ಸೋಲುವುದಿಲ್ಲ, ಆದರೂ ಸಾಮಾನ್ಯ ಲಿಥಿಯಂ ಗ್ರೀಸ್ ನಮ್ಮ ಮಳೆಗೆ ತೊಳೆದುಹೋಗುತ್ತದೆ. ಬುಷ್ ಜೊತೆ ಒಂದು ಪುಟ್ಟ ಪೊಟ್ಟಣದಲ್ಲಿ ಗ್ರೀಸ್ ಬಂದಿರುತ್ತದೆ: ಅಂಟಂಟಾದ, ತೊಳೆದರೂ ಬೆರಳು ಬಿಡದ ಪದಾರ್ಥ. ಸಿಲಿಕೋನ್ ಅಥವಾ ಬೇರೆ ಸಿಂಥೆಟಿಕ್ ಎಣ್ಣೆಗೆ ಪಿಟಿಎಫ್‌ಇ ಬೆರೆಸಿದ ಬಗೆ ಅದು. ಬಿಸಾಡಬೇಡಿ, ಗ್ಯಾರೇಜಿನವರಿಗೆ ಕೊಟ್ಟು ಎದುರಲ್ಲೇ ಹಾಕಿಸಿ. ತೂತಿನ ಒಳಮೈಗೆ ಮಾತ್ರವಲ್ಲ, ಬ್ರ್ಯಾಕೆಟ್ಟಿಗೆ ತಾಗುವ ಎರಡೂ ಮುಖಗಳಿಗೆ ಕೂಡ. ಈ ಮುಖಗಳನ್ನು ಮರೆತೇ ಎಷ್ಟೋ ಜನ “ಪಿಯು ಸದ್ದು ಮಾಡ್ತದೆ” ಎಂದು ಬಯ್ಯುತ್ತಾರೆ. ಸದ್ದು ಮತ್ತೆ ಶುರುವಾದಾಗ ಬಿಚ್ಚಿ, ಒರೆಸಿ, ಮತ್ತೆ ಹಚ್ಚಬೇಕು. ಆ ಕೆಲಸ ಬೇಡವೆನ್ನುವವರು, ದಿನಾ ಆಫೀಸಿಗೆ ಹೋಗಿಬರುವ ಕಾರಿಗೆ ರಬ್ಬರನ್ನೇ ಇಟ್ಟುಕೊಳ್ಳುವುದು ಮೇಲು ಎಂದು ನನ್ನ ಅಭಿಪ್ರಾಯ.

ನಿಪ್ಪಲ್ ಇರುವ ಕಡೆ

ಕಬ್ಬಿಣದ ಮೇಲೆ ಕಬ್ಬಿಣ ಆಡುವ ಜಾಗದಲ್ಲಿ ಲೆಕ್ಕ ತಿರುಗುಮುರುಗು. ಇಲ್ಲಿ ಸಿಲಿಕೋನ್ ಹಾಕಿದರೆ ಭಾರ ತಡೆಯದೆ ಪಿನ್ ಸವೆಯುತ್ತದೆ. ಒಳ್ಳೆಯ ಲಿಥಿಯಂ ಗ್ರೀಸ್ ಸಾಕು, ಮಳೆ, ಕೆಸರು ಹೆಚ್ಚಿರುವ ಕಡೆ ಕ್ಯಾಲ್ಸಿಯಂ ಸಲ್ಫೊನೇಟ್ ಗ್ರೀಸ್ ನೀರಿಗೆ ಚೆನ್ನಾಗಿ ನಿಲ್ಲುತ್ತದೆ. ನಿಪ್ಪಲ್ಲನ್ನು ಮೊದಲು ಬಟ್ಟೆಯಲ್ಲಿ ಒರೆಸಿ, ಅದರ ಮೇಲಿನ ಮಣ್ಣನ್ನೂ ಒಳಕ್ಕೆ ತಳ್ಳಬೇಡಿ. ಗನ್ನಿನಿಂದ ಒತ್ತುತ್ತಾ ಹೋದಂತೆ ಮೊದಲು ಕಪ್ಪು ಗ್ರೀಸ್ ಬರುತ್ತದೆ, ಆಮೇಲೆ ಹೊಸದರ ಬಣ್ಣ ಕಾಣುತ್ತದೆ, ಆಗ ನಿಲ್ಲಿಸಿ. ಬೇರೆ ಜಾತಿಯ ಗ್ರೀಸಿಗೆ ಬದಲಾಯಿಸುವುದಾದರೆ ಹಳೆಯದು ಪೂರ್ತಿ ಹೊರಬರುವ ತನಕ ಒತ್ತಿ. ಜೇಡಿಯ ಆಧಾರದ ಬೆಂಟೋನ್ ಗ್ರೀಸೂ ಲಿಥಿಯಮ್ಮೂ ಬೆರೆತರೆ ಎರಡೂ ನೀರಾಗಿ ಸೋರುತ್ತವೆ.

ವಾಟರ್ ಸರ್ವಿಸಿನಲ್ಲಿ

ಇಷ್ಟೆಲ್ಲ ಮಾಡಿ, ಕಾರನ್ನು ವಾಟರ್ ಸರ್ವಿಸಿಗೆ ಬಿಟ್ಟು ಚಹಾ ಕುಡಿಯಲು ಹೋದರೆ ಅರ್ಧ ಗಂಟೆಯಲ್ಲಿ ಎಲ್ಲ ನೀರುಪಾಲು. ತೊಳೆದಾದ ಮೇಲೆ ಅಡಿಭಾಗಕ್ಕೆ ಡೀಸೆಲ್ ಬೆರೆಸಿದ ಹಳೇ ಇಂಜಿನ್ ಆಯಿಲ್ ಹೊಡೆಯುವುದು ಹಲವು ಕಡೆ ವಾಡಿಕೆ. ಚಾಸಿ ಕಪ್ಪಗೆ ಮಿಂಚುತ್ತದೆ, ಸದ್ದೂ ಒಂದಷ್ಟು ದಿನ ಇರುವುದಿಲ್ಲ, ಗಿರಾಕಿ ಖುಷಿ. ಲೀಫ್ ಸ್ಪ್ರಿಂಗಿನ ಲಾರಿಗೆ ಹುಟ್ಟಿದ ಪದ್ಧತಿ ಅದು. ನಮ್ಮ ಕಾರಿನ ಅಡಿಯಲ್ಲಿ ಅದು ತಾಗುವುದು ಲೋವರ್ ಆರ್ಮ್ ಬುಷ್, ಡಿ-ಬುಷ್, ಇಂಜಿನ್ ಮೌಂಟಿಂಗ್, ಎಲ್ಲ ರಬ್ಬರಿಗೆ.

ಈಗ ನಾನು ಕೀಲಿ ಕೊಡುವಾಗಲೇ ಹೇಳಿಬಿಡುತ್ತೇನೆ. ಆದರೂ ಹೋದ ಸಲ ಪಂಪ್ ಹಿಡಿದು ಅಡಿಗೆ ಇಳಿದ ಹುಡುಗ ತಲೆ ಎತ್ತಿ, “ಆಯಿಲ್ ಫ್ರೀ ಸರ್, ಹೊಡೀಲಾ?” ಅಂದ.

“ಫ್ರೀ ಆದ್ರೂ ಬೇಡ ಮಾರಾಯ, ನೀರು ಮಾತ್ರ” ಅಂದೆ.